ಚೌಪಾಟಿಯಲ್ಲಿ ಚೀಲ ಕಾಯುವ ಪಾಳಿ

ನಮ್ಮ ಸಂಘದ ವಾರ್ಷಿಕ ವಿಹಾರದ ಮಾತು ಬಂದಾಗಲೆಲ್ಲ ಚರ್ಚೆ ನಡೆಯುವುದು ಎರಡೇ ವಿಷಯಕ್ಕೆ: ಎಲ್ಲಿಗೆ ಹೋಗೋದು, ಏನು ತಿನ್ನೋದು. ಜುಹೂವೋ ಗಿರ್ಗಾಂವ್ ಚೌಪಾಟಿಯೋ, ಭೇಲೋ ಪಾವ್‌ಭಾಜಿಯೋ ಎಂದು ಅರ್ಧ ತಾಸು ಗದ್ದಲವಾಗುತ್ತದೆ. ಕೈ ಎತ್ತಿಸಿ ಮತ ಎಣಿಸುವುದೂ ಉಂಟು. ಆದರೆ ಮೂರನೆಯ ಪ್ರಶ್ನೆ ಒಂದಿದೆ. ಅದನ್ನು ಯಾರೂ ಎತ್ತುವುದಿಲ್ಲ. ಎಲ್ಲರೂ ನೀರಿಗೆ ಓಡಿದಾಗ ಚೀಲ ಕಾಯುವವರು ಯಾರು?

ವಿಷಯ ಸಣ್ಣದು ಅಂತ ಓದುಗ ಮಿತ್ರರು ಪುಟ ತಿರುಗಿಸಬಾರದು. ಕಥೆ ಕವನಗಳ ನಡುವೆ ಚೀಲದ ಪುರಾಣ ಯಾಕೆ ಎಂದು ಸಂಪಾದಕರೂ ಹುಬ್ಬು ಗಂಟಿಕ್ಕಬಾರದು. ಸಮುದ್ರ ತೀರದಲ್ಲಿ ಸಾಮಾನು ಕಳವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಒಂದೊಂದು ಉಪಾಯವಿದೆ. ನನ್ನ ಅಭಿಪ್ರಾಯ ಇಷ್ಟೇ: ಆ ಉಪಾಯಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರವು, ಕೆಲಸಕ್ಕೆ ಬರುವ ಉಪಾಯಕ್ಕೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ಯಾವಾಗಲೂ ಒಬ್ಬರೇ ಆಗಿರುವುದು ನ್ಯಾಯವಲ್ಲ.

ಮೊದಲು ಉಪಾಯಗಳನ್ನೇ ನೋಡೋಣ. ಬೂಟಿನೊಳಗೆ ಫೋನು ತುರುಕಿ ಮೇಲೆ ಕಾಲುಚೀಲ ಮುಚ್ಚುವುದು ಒಂದು. ಟವೆಲಿನಲ್ಲಿ ಪಾಕೀಟು ಸುತ್ತಿಡುವುದು ಇನ್ನೊಂದು. ಮರಳಿನಲ್ಲಿ ಗುಂಡಿ ತೋಡಿ ಹೂತು ಮೇಲೆ ಚಪ್ಪಲಿ ಗುರುತಿಡುವ ಮಹಾಶಯರೂ ಇದ್ದಾರೆ. ಕಳ್ಳನಿಗೆ ಇದೊಂದೂ ತಿಳಿಯದು ಅಂತ ತಿಳಿದರೆ ನಾವೇ ಪೆದ್ದರು. ಅವನು ನಾವು ಬರುವ ಮೊದಲೇ ಬಂದಿರುತ್ತಾನೆ, ಎಲ್ಲರ ಹಾಗೆಯೇ ಕಡಲು ನೋಡುತ್ತಾ ಕೂತಿರುತ್ತಾನೆ. ನಾವು ಬಗ್ಗಿ ಬೂಟಿಗೆ ಕೈ ಹಾಕಿದ್ದನ್ನು ನೋಡಿದರೆ ಅವನ ಕೆಲಸ ಅರ್ಧ ಮುಗಿಯಿತು. ಬೂಟು ಇಡುವ ರೀತಿಯೇ ಹೇಳುತ್ತದೆ: ಏನೂ ಇಲ್ಲದ ಬೂಟನ್ನು ಯಾರೂ ಅಷ್ಟು ಜೋಪಾನವಾಗಿ ಜೋಡಿಸಿಡುವುದಿಲ್ಲ. ಇನ್ನು ಮರಳಿನಲ್ಲಿ ಹೂತ ಸಾಮಾನು ಕಳ್ಳನಿಗೆ ಸಿಗದಿದ್ದರೂ ಎಷ್ಟೋ ಸಲ ಹೂತವನಿಗೂ ಸಿಗುವುದಿಲ್ಲ.

ಕಳ್ಳ ಬರದಿದ್ದರೂ ಕಡಲು ಬರುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ಭಾನುವಾರ ಇಷ್ಟು ಹೊತ್ತಿಗೆ ನೀರು ದೂರ ಇತ್ತು ಅಂತ ಈ ಭಾನುವಾರವೂ ಅಲ್ಲೇ ಚಾಪೆ ಹಾಸಿದರೆ ಆಯಿತು ಕಥೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯ ದೊಡ್ಡ ಉಬ್ಬರ 4.5 ಮೀಟರನ್ನೂ ದಾಟುವುದುಂಟು. ಜುಹೂವಿನಂಥ ಸಪಾಟು ಮರಳಿನಲ್ಲಿ ನೀರು ಏರುವುದು ಗೊತ್ತೇ ಆಗುವುದಿಲ್ಲ. ಒದ್ದೆ ಮರಳಿನ ಗೆರೆಯಿಂದ ಬಹಳ ಮೇಲೆ ಚಾಪೆ ಹಾಸಬೇಕು. ಇದು ಮೊದಲ ಪಾಠ. ಈ ಕಳವಿಗೆ ಯಾವ ಪೊಲೀಸ್ ಠಾಣೆಯಲ್ಲೂ ದೂರು ಕೊಡುವ ಹಾಗಿಲ್ಲ.

ಎರಡನೆಯ ಪಾಠ ನಮ್ಮ ವಾಣಿಜ್ಯ ವಿಭಾಗದ್ದು. ವರ್ಷದ ಕೊನೆಗೆ ಉಳಿದ ಸರಕಿಗೆ ಬೆಲೆ ಕಟ್ಟುವಾಗ ಕೊಂಡ ಬೆಲೆ, ಮಾರುಕಟ್ಟೆಯ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು ಅಂತ ನಮಗೆ ಕಲಿಸುತ್ತಾರೆ. ಚೌಪಾಟಿಗೆ ಹೊರಡುವ ದಿನ ಈ ಲೆಕ್ಕವನ್ನು ತಿರುವಿ ಹಾಕಬೇಕು. ಒಂದು ಹಳೆಯ ಫೋನಿಗೆ ಅಂಗಡಿಯವನು 3000 ರೂಪಾಯಿ ಕೊಟ್ಟರೆ ಹೆಚ್ಚು. ಆದರೆ ಅದರೊಳಗೆ ಏನೇನಿದೆ? ಬ್ಯಾಂಕು ಅದರಲ್ಲಿ, ರೈಲಿನ ಪಾಸು ಅದರಲ್ಲಿ, ಪರೀಕ್ಷೆಯ ಟಿಪ್ಪಣಿ ಅದರಲ್ಲಿ, ತೀರಿಹೋದ ಅಜ್ಜನ ಫೋಟೋ ಅದರಲ್ಲಿ. ಮನೆಗೆ ಮರಳುವ ದಾರಿಯೂ ಅದರಲ್ಲೇ. ಮನೆ ಬಿಡುವ ಮೊದಲು ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಇವತ್ತು ಸಂಜೆ ಇಲ್ಲದಿದ್ದರೆ ನಾನು ಏನು ಮಾಡುತ್ತೇನೆ? ಉತ್ತರ ತೋಚದಿದ್ದರೆ ಆ ಸಾಮಾನು ಮನೆಯಲ್ಲೇ ಇರಲಿ.

ಚಿನ್ನದ ಸರ, ಉಂಗುರ, ಅಪ್ಪನ ಕೈಗಡಿಯಾರ ಮನೆಯಲ್ಲೇ ಇರಲಿ. ಕಾಲೇಜಿನ ಗುರುತಿನ ಚೀಟಿ ಬಿಟ್ಟು ಬೇರೆ ಕಾರ್ಡುಗಳೂ ಮನೆಯಲ್ಲಿರಲಿ. ಆರು ಜನ ಹೋದರೆ ಆರು ಫೋನು ಬೇಕೇ ಬೇಕೆ? ಎರಡು ಸಾಕು ಅಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಹಾಗಾದರೆ ಕನಿಷ್ಠ ಇಷ್ಟಾದರೂ ಮಾಡಿ. ಸಿಮ್ ಕಾರ್ಡಿಗೆ ಪಿನ್ ಹಾಕಿ. ಫೋನಿಗೆ ಬೀಗ ಹಾಕಿದ್ದೇವಲ್ಲ ಅಂತ ನಾವು ಸುಮ್ಮನಿರುತ್ತೇವೆ. ಕಳ್ಳ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅವನ ಕೈಗೇ ಬರುತ್ತದೆ. ಪಿನ್ ಇದ್ದರೆ ಆ ಬೇರೆ ಫೋನೂ ಪಿನ್ ಕೇಳುತ್ತದೆ. ಬೀಗ ಹಾಕಿದ ಪರದೆಯ ಮೇಲೆ ಸಂದೇಶ ಕಾಣದ ಹಾಗೆಯೂ ಮಾಡಿಡಿ. ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಮನೆಯ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಫೋನಿನೊಳಗೇ ಬರೆದಿಟ್ಟರೆ ಫೋನಿನ ಜೊತೆ ಅದೂ ಹೋಯಿತು! ನೂರು ರೂಪಾಯಿಯ ಒಂದು ನೋಟು ಚೀಲದಲ್ಲಿಡದೆ ಮೈಮೇಲಿನ ಬಟ್ಟೆಯಲ್ಲಿರಲಿ. ಮನೆಯವರ ಒಂದು ಫೋನ್ ನಂಬರು ಬಾಯಿಪಾಠ ಇರಲಿ. ನಮ್ಮ ತರಗತಿಯಲ್ಲಿ ಕೇಳಿ ನೋಡಿ, ಅಮ್ಮನ ನಂಬರು ತಡವರಿಸದೆ ಹೇಳುವವರು ಎಷ್ಟು ಮಂದಿ ಸಿಗುತ್ತಾರೋ! ಕನ್ನಡ ಶಾಲೆಯಲ್ಲಿ ಮಗ್ಗಿ ಉರುಹೊಡೆದ ನನ್ನಂಥವರಿಗೆ ಹತ್ತು ಅಂಕಿ ಏನು ಮಹಾ?

ಇಷ್ಟೆಲ್ಲ ಮಾಡಿದ ಮೇಲೂ ಒಂದಷ್ಟು ಸಾಮಾನು ಉಳಿದೇ ಉಳಿಯುತ್ತದೆ: ಬದಲಿ ಬಟ್ಟೆ, ತಿಂಡಿಯ ಡಬ್ಬಿ, ನೀರಿನ ಬಾಟ್ಲಿ, ಕನ್ನಡಕ, ಚಪ್ಪಲಿ, ಹೇಗೂ ಬಂದೇ ಬರುವ ಫೋನುಗಳು. ಇದನ್ನೆಲ್ಲ ಒಂದು ಚಾಪೆಯ ಮೇಲೆ ರಾಶಿ ಹಾಕುತ್ತೇವೆ. ರಾಶಿ ಹಾಕಿದ ಮೇಲೆ ಯಾರೋ ಒಬ್ಬರು ಅಲ್ಲಿ ಕೂರಲೇಬೇಕು. ನಾನು ಹೇಳಹೊರಟಿರುವುದು ಆ ‘ಯಾರೋ ಒಬ್ಬರ’ ವಿಷಯ.

ನಮ್ಮ ಮನೆಯಲ್ಲಿ ಅದು ಅಮ್ಮ. ಅಮ್ಮನ ತವರು ಮರವಂತೆ. ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ ಇರುವ ಊರು ಅದು. ಕಡಲಿನ ಸದ್ದು ಕೇಳದೆ ಚಿಕ್ಕಂದಿನಲ್ಲಿ ನಿದ್ದೆಯೇ ಬರುತ್ತಿರಲಿಲ್ಲ ಅಂತ ಹೇಳುತ್ತಾಳೆ. ಮದುವೆಯಾಗಿ ಮುಂಬಯಿಗೆ ಬಂದು 23 ವರ್ಷ. ಊರಿಂದ ಮಾವ ಬಂದರೆ ಜುಹೂ, ಚಿಕ್ಕಮ್ಮನ ಮಕ್ಕಳು ಬಂದರೆ ಜುಹೂ, ನನ್ನ ಪರೀಕ್ಷೆ ಮುಗಿದರೆ ಜುಹೂ. ಹೀಗೆ ಎಷ್ಟೋ ಸಲ ಹೋಗಿದ್ದೇವೆ. ಪ್ರತಿ ಸಲವೂ ಚಾಪೆ ಹಾಸಿದ ಕೂಡಲೇ ಅಮ್ಮನ ಬಾಯಲ್ಲಿ ಬರುವ ಮಾತು ಒಂದೇ: ‘‘ನಾ ಇಲ್ಲೇ ಕೂಕಂತೆ, ನೀವ್ ಹೋಯ್ ಬನ್ನಿ.’’ ಅವಳಿಗೆ ನೀರು ಇಷ್ಟವಿಲ್ಲ ಅಂತ ನಮ್ಮಪ್ಪ ನಂಬಿದ್ದಾರೆ. ಕಡಲ ತಡಿಯಲ್ಲಿ ಹುಟ್ಟಿ ಬೆಳೆದವಳಿಗೆ ನೀರು ಇಷ್ಟವಿಲ್ಲವಂತೆ! ಕಳೆದ ಮೇ ತಿಂಗಳಲ್ಲಿ ನಾನೇ ಹಠ ಹಿಡಿದು ಚಾಪೆಯ ಮೇಲೆ ಕೂತು ಅಮ್ಮನನ್ನು ಕಳಿಸಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲಿನ ತನಕ ನೀರಿಗಿಳಿದವಳು ಮುಕ್ಕಾಲು ತಾಸು ಮೇಲೆ ಬರಲೇ ಇಲ್ಲ. ಅಪ್ಪ ಎರಡು ಸಲ ಕೂಗಿದರೂ ತಿರುಗಿ ನೋಡಲಿಲ್ಲ.

ಸುತ್ತಲಿನ ಚಾಪೆಗಳನ್ನು ಒಮ್ಮೆ ನೋಡಿ. ಚೀಲದ ರಾಶಿಯ ಮಧ್ಯೆ ಕೂತಿರುವವರು ಹೆಚ್ಚಾಗಿ ಯಾರು? ಅಜ್ಜಿ, ಅಮ್ಮ, ಹೊಸ ಸೊಸೆ. ಸ್ನೇಹಿತರ ಗುಂಪಾದರೆ ಎಲ್ಲರಿಗಿಂತ ಮೆತ್ತಗಿನವರು, ಮೊನ್ನೆಯಷ್ಟೇ ಗುಂಪಿಗೆ ಸೇರಿದವರು, ‘ಇಲ್ಲ’ ಅನ್ನಲು ಬಾಯಿ ಬಾರದವರು. ನಾನು ಕನ್ನಡ ಶಾಲೆಯಿಂದ ಕಾಲೇಜಿಗೆ ಬಂದ ಮೊದಲ ವರ್ಷ ಹಿಂದಿಯೂ ಇಂಗ್ಲಿಷೂ ನಾಲಿಗೆಗೆ ಸರಿಯಾಗಿ ಹೊರಳುತ್ತಿರಲಿಲ್ಲ. ತರಗತಿಯವರೊಂದಿಗೆ ಎಲ್ಲಿಗೆ ಹೋದರೂ ಚೀಲ ನನ್ನ ಪಾಲಿಗೆ. ‘ಜರಾ ದೇಖನಾ’ ಎನ್ನುವುದು ನಾನು ಅತಿ ಬೇಗ ಅರ್ಥ ಮಾಡಿಕೊಂಡ ಹಿಂದಿ ವಾಕ್ಯ. ಕನ್ನಡ ಸಂಘಕ್ಕೆ ಸೇರಿದ ಮೇಲೆ ಆ ಮಾತು ‘ಸ್ವಲ್ಪ ನೋಡ್ಕೋ’ ಎಂದಾಯಿತು. ಭಾಷೆ ಬದಲಾಯಿತು, ಚೀಲ ಬದಲಾಗಲಿಲ್ಲ.

ಈಗ ಕಾನೂನಿನ ಮಾತು. ನಗಬೇಡಿ, ಇದು ನಮ್ಮ ಪಠ್ಯದಲ್ಲೇ ಇದೆ. 1872ರ ಭಾರತೀಯ ಕರಾರು ಕಾಯಿದೆಯಲ್ಲಿ 148ನೆಯ ಕಲಮಿನಿಂದ ಮುಂದಕ್ಕೆ ಬೇಲ್‌ಮೆಂಟ್ ಎಂಬ ಅಧ್ಯಾಯ ಬರುತ್ತದೆ. ಒಬ್ಬರು ತಮ್ಮ ಸಾಮಾನನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬರ ವಶಕ್ಕೆ ಕೊಡುವುದು, ಉದ್ದೇಶ ಮುಗಿದ ಮೇಲೆ ಹಿಂದಕ್ಕೆ ಪಡೆಯುವುದು. ಇಷ್ಟೇ ಅದರ ತಿರುಳು. ಪರೀಕ್ಷೆಗೆ ಓದುವಾಗ ನಾವು ಅಗಸನ ಅಂಗಡಿ, ಸೈಕಲ್ ಸ್ಟ್ಯಾಂಡ್, ಗಡಿಯಾರ ರಿಪೇರಿಯ ಉದಾಹರಣೆ ಬರೆಯುತ್ತೇವೆ. ಚೌಪಾಟಿಯ ಚಾಪೆಯನ್ನು ಯಾರೂ ಬರೆಯುವುದಿಲ್ಲ. ಆದರೆ ಸ್ನೇಹಿತರ ಚೀಲ ಕಾಯುತ್ತಾ ಕೂತವರನ್ನೂ ಅದೇ ಅಳತೆಯಲ್ಲಿ ಅಳೆದು ನೋಡೋಣ.

151ನೆಯ ಕಲಮು ಏನು ಹೇಳುತ್ತದೆ? ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನದೇ ಅಂಥ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಿದರೆ ಸಾಕು. 152ನೆಯ ಕಲಮು: ಬೇರೆ ವಿಶೇಷ ಕರಾರು ಇಲ್ಲದಿದ್ದರೆ, ಅಷ್ಟು ಜೋಪಾನ ಮಾಡಿದ ಮೇಲೂ ಸಾಮಾನು ಹೋದರೆ ಅದಕ್ಕೆ ಅವರು ಹೊಣೆಯಲ್ಲ. ಅಂದರೆ ಎಚ್ಚರದಿಂದ ಕೂತವರ ಮೇಲೆ, ನೀರಿನಿಂದ ಬಂದು ‘ನೀನು ಏನು ಮಾಡ್ತಾ ಇದ್ದೆ?’ ಅಂತ ಹರಿಹಾಯುವವರಿಗೆ ಕಾನೂನೂ ಬೆಂಬಲ ಕೊಡುವುದಿಲ್ಲ. ಇನ್ನು ಕರಾರು ಎಂದ ಮೇಲೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಚೀಲ ಎಸೆದು ಓಡಿಹೋಗುವುದರಲ್ಲಿ ಯಾರು ಯಾರ ಒಪ್ಪಿಗೆ ಕೇಳಿದರು? 158ನೆಯ ಕಲಮು ನನಗೆ ಬಹಳ ಪ್ರಿಯ. ಪ್ರತಿಫಲವಿಲ್ಲದೆ ಸಾಮಾನು ಕಾಯುವವರಿಗೆ ಅದಕ್ಕಾಗಿ ತಗಲಿದ ಅಗತ್ಯ ಖರ್ಚನ್ನು ಸಾಮಾನಿನ ಒಡೆಯ ಕೊಡಬೇಕು. ಒಂದು ಪ್ಲೇಟು ಭೇಲ್ ಅಗತ್ಯ ಖರ್ಚಿನಲ್ಲಿ ಬರುತ್ತದೋ ಇಲ್ಲವೋ ನಮ್ಮ ಪ್ರಾಧ್ಯಾಪಕರೇ ಹೇಳಬೇಕು. ಬರುತ್ತದೆ ಅಂತ ನನ್ನ ವಾದ.

ಚೀಲ ಕಾಯುವವರಿಗೆ ಗೌರವ ಇಲ್ಲದಿದ್ದರೆ ಅವರ ಮಾತಿಗೂ ಬೆಲೆ ಇರುವುದಿಲ್ಲ. ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಹೋದ ಡಿಸೆಂಬರಿನಲ್ಲಿ ನಾವು ಹನ್ನೆರಡು ಮಂದಿ ಜುಹೂಗೆ ಹೋಗಿದ್ದೆವು. ಚಾಪೆಯ ಮೇಲೆ ನಾನಿದ್ದೆ. ಸೋಪಿನ ಗುಳ್ಳೆ ಊದುತ್ತಾ ಮಾರುವ ಹತ್ತು ಹನ್ನೊಂದು ವರ್ಷದ ಹುಡುಗ ಒಂದೆರಡು ಸಲ ಆ ಕಡೆ ಈ ಕಡೆ ಓಡಾಡಿದ. ಎಲ್ಲರೂ ಮೇಲೆ ಬಂದಾಗ ಒಂದು ಫೋನು ಕಾಣಲಿಲ್ಲ. ಕೂಡಲೇ ನಮ್ಮವರಿಬ್ಬರು ಆ ಹುಡುಗನ ರಟ್ಟೆ ಹಿಡಿದರು. ‘‘ಅವನು ಚಾಪೆಯ ಹತ್ತಿರವೇ ಬಂದಿಲ್ಲ, ನಾನು ನೋಡುತ್ತಲೇ ಇದ್ದೆ’’ ಅಂತ ನಾನು ಮೂರು ಸಲ ಹೇಳಿದೆ. ಕೇಳಿದವರಿಲ್ಲ. ಹುಡುಗನ ಜೇಬು ಹೊರಗೆಳೆದರು. ಸಿಕ್ಕಿದ್ದು ಒಂದಿಷ್ಟು ಚಿಲ್ಲರೆ ಕಾಸು. ಅಷ್ಟರಲ್ಲಿ ಫೋನು ಅದರ ಒಡೆಯನದೇ ತಿಂಡಿಯ ಚೀಲದಲ್ಲಿ ಡಬ್ಬಿಯ ಕೆಳಗೆ ಸಿಕ್ಕಿತು. ಎಲ್ಲರೂ ನಕ್ಕರು. ಆ ಹುಡುಗ ಮಾತ್ರ ನಗಲಿಲ್ಲ. ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಂಡು ಹೋದ.

ಪರರ ಜೇಬಿಗೆ ಕೈ ಹಾಕುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಚೌಪಾಟಿಯಲ್ಲಿ ಬಲೂನು, ಚಣಾ, ಗೋಲಾ ಮಾರುವವರಿಗೆ ಆ ಮರಳೇ ಅಂಗಡಿ. ನಾಳೆಯೂ ಅಲ್ಲೇ ಬರಬೇಕು, ನಾಡಿದ್ದೂ ಅಲ್ಲೇ ಬರಬೇಕು. ಆ ಜಾಗಕ್ಕೆ ಕಳ್ಳತನದ ಹೆಸರು ಬಂದರೆ ಮೊದಲು ಹೊಟ್ಟೆಗೆ ಕಲ್ಲು ಬೀಳುವುದು ಅವರಿಗೇ. ‘‘ಭಾವೂ, ಇಕಡೆ ಲಕ್ಷ್ಯ ಠೇವಾ’’ ಅಂತ ಮರಾಠಿಯಲ್ಲಿ ಒಂದು ಮಾತು ಹೇಳಿ ನೋಡಿ, ಪಕ್ಕದ ಗಾಡಿಯವರು ತಾವಾಗಿ ಈ ಕಡೆಗೊಂದು ಕಣ್ಣಿಡುತ್ತಾರೆ. ಹಾಗಂತ ಹೊಣೆಯನ್ನೆಲ್ಲ ಅವರ ತಲೆಗೆ ಕಟ್ಟಿ ನಾವು ಹೋಗಬಾರದು. ಕಳ್ಳನಿಗೆ ಇಂಥದೇ ಮುಖ, ಇಂಥದೇ ಬಟ್ಟೆ ಅಂತ ಇಲ್ಲ. ಅನಂತ ಚತುರ್ದಶಿಯ ದಿನ ಗಿರ್ಗಾಂವ್ ಚೌಪಾಟಿಯ ಲಕ್ಷಗಟ್ಟಲೆ ಜನರಲ್ಲಿ ಜೇಬು ಕತ್ತರಿಸುವವನೂ ‘ಗಣಪತಿ ಬಾಪ್ಪಾ ಮೋರಯಾ’ ಅಂತಲೇ ಕೂಗುತ್ತಿರುತ್ತಾನೆ.

ಇಷ್ಟಾಗಿಯೂ ಸಾಮಾನು ಹೋಯಿತು ಅನ್ನಿ. ಆಗ ಏನು ಮಾಡಬೇಕು? ಇಲ್ಲಿ ಕನ್ನಡದ ಎರಡು ಮಾತು ನೆನಪಿಡಿ: ‘ಕಳೆದುಹೋಯಿತು’, ‘ಕಳವಾಯಿತು’. ಕಿವಿಗೆ ಹತ್ತಿರ, ಕಾಗದದ ಮೇಲೆ ಬಲು ದೂರ. ಕಳೆದುಹೋಯಿತು ಅಂತ ಬರೆಸಿದರೆ ಅದು ಬರೀ ತಿಳುವಳಿಕೆಯ ಚೀಟಿ. ಕಳವಾಯಿತು ಅಂದರೆ ಅಪರಾಧ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವು ಅದರ 303ನೆಯ ಕಲಮು, ಕೈಯಿಂದ ಕಸಿದು ಓಡುವುದು 304. ಜುಹೂವಿನಲ್ಲಿ ಕಳವಾದದ್ದಕ್ಕೆ ಡೊಂಬಿವಲಿಯವರು ತಮ್ಮ ಮನೆಯ ಹತ್ತಿರದ ಠಾಣೆಯಲ್ಲೂ ಝೀರೋ ಎಫ್‌ಐಆರ್ ಬರೆಸಬಹುದು. ಎಫ್‌ಐಆರ್‌ನ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅದಕ್ಕೂ ಮೊದಲು ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಸಿಮ್ ನಿಲ್ಲಿಸಿ. ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲೇ ಸುತ್ತೋಲೆ ಹೊರಡಿಸಿತ್ತು. ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಫೋನು ಮಾಡಿ. ಆಮೇಲೆ ಪೊಲೀಸ್ ದೂರಿನ ಪ್ರತಿ ಹಿಡಿದು, ನೋಟುಬುಕ್ಕಿನ ಆ 15 ಅಂಕಿ ಹಾಕಿ, ಸರಕಾರದ ಸಂಚಾರ ಸಾಥಿ ತಾಣದಲ್ಲಿ ಫೋನನ್ನೇ ನಿಷ್ಕ್ರಿಯ ಮಾಡಿಸಬಹುದು. ಈ ವ್ಯವಸ್ಥೆ 2019ರಲ್ಲಿ ನಮ್ಮ ಮಹಾರಾಷ್ಟ್ರಕ್ಕೆ ಬಂತು, 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ.

ಕೊನೆಗೆ ನನ್ನ ಸೂಚನೆ. ನಮ್ಮ ಅಪ್ಪಂದಿರು, ಅಜ್ಜಂದಿರು ಗಿರಣಿಯಲ್ಲೋ ಹೋಟೆಲಿನಲ್ಲೋ ದುಡಿದವರು. ಪಾಳಿ ಎಂಬ ಶಬ್ದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚೀಲಕ್ಕೂ ಪಾಳಿ ಹಾಕೋಣ. ಹನ್ನೆರಡು ಮಂದಿ ಹೋದೆವು, ಎರಡು ತಾಸು ಕಡಲಿನ ಬಳಿ ಇರುತ್ತೇವೆ ಅನ್ನಿ. ಎರಡು ತಾಸು ಅಂದರೆ 120 ನಿಮಿಷ. ಒಂದು ಸಲಕ್ಕೆ ಇಬ್ಬರಂತೆ ಆರು ಜೋಡಿ, ಒಂದು ಜೋಡಿಗೆ 20 ನಿಮಿಷ. ಲೆಕ್ಕ ಸರಿಹೋಯಿತು. ಯಾರಿಗೂ ಹೊರೆಯಿಲ್ಲ, ಯಾರಿಗೂ ವಿನಾಯಿತಿಯಿಲ್ಲ. ಕಾರ್ಯದರ್ಶಿಗಳಿಗೂ ಇಲ್ಲ!

ಒಬ್ಬರು ಸಾಲದೆ, ಇಬ್ಬರು ಯಾಕೆ ಎಂದು ಕೇಳಬಹುದು. ಒಂಟಿಯಾಗಿ ಕೂತವರ ಗಮನ ತಪ್ಪಿಸುವುದು ಬಹಳ ಸುಲಭ. ಒಬ್ಬ ಬಂದು ದಾರಿ ಕೇಳುತ್ತಾನೆ, ಫೋಟೋ ತೆಗೆಯಿರಿ ಅನ್ನುತ್ತಾನೆ. ಇನ್ನೊಬ್ಬ ಹಿಂದಿನಿಂದ ಚೀಲ ಎತ್ತುತ್ತಾನೆ. ಇದು ಒಂದು ಕಾರಣ. ಇನ್ನೊಂದು ಅದಕ್ಕಿಂತ ದೊಡ್ಡದು. ಇಬ್ಬರಲ್ಲಿ ಒಬ್ಬರ ಕಣ್ಣು ಚೀಲದ ಮೇಲಿರಲಿ, ಇನ್ನೊಬ್ಬರ ಕಣ್ಣು ನೀರಿನಲ್ಲಿರುವವರ ಮೇಲಿರಲಿ. ಮುಂಬಯಿಯ ಕಡಲು ಪ್ರತಿ ಮಳೆಗಾಲದಲ್ಲೂ ಹುಡುಗರನ್ನು ಎಳೆದುಕೊಂಡು ಹೋಗುತ್ತದೆ. ಹನ್ನೆರಡು ಚಪ್ಪಲಿ ಜೋಡಿ ಎಣಿಸಿ ಕೂರುವ ನಾವು ನೀರಿನಲ್ಲಿ ತಲೆ ಹತ್ತಿವೆಯೋ ಒಂಬತ್ತಿವೆಯೋ ಎಣಿಸುವುದಿಲ್ಲ. ಯಾರಾದರೂ ಆಳಕ್ಕೆ ಹೋದರೆ ಕೂಗಿ ಕರೆಯಲು, ಜೀವರಕ್ಷಕರ ಬಳಿ ಓಡಲು ದಡದಲ್ಲಿ ಒಬ್ಬರು ಇರಲೇಬೇಕು. ಚೀಲವೊಂದೇ ಆಗಿದ್ದರೆ ಹೋದರೆ ಹೋಯಿತು ಎನ್ನಬಹುದಿತ್ತು.

ಆದ್ದರಿಂದ ಮುಂದಿನ ವಿಹಾರದ ಸೂಚನಾಪತ್ರ ಬರೆಯುವಾಗ ಹೊರಡುವ ಹೊತ್ತು, ರೈಲಿನ ಫಲಾಟು, ತಲಾ ವಂತಿಗೆ ಇವುಗಳ ಕೆಳಗೆ ‘ಚೀಲದ ಪಾಳಿ’ ಎಂದು ಇನ್ನೊಂದು ಸಾಲು ಬರೆಯಬೇಕೆಂದು ನಮ್ಮ ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ. ಹೆಸರು ಹೆಸರಾಗಿ, ಹೊತ್ತು ಹೊತ್ತಾಗಿ ಬರೆಯಲಿ. ಮೊದಲ ಪಾಳಿಗೆ ನನ್ನ ಹೆಸರು ಹಾಕಿದರೂ ಅಡ್ಡಿಯಿಲ್ಲ. ಇಪ್ಪತ್ತು ನಿಮಿಷ ಮುಗಿದ ಕೂಡಲೇ ಎರಡನೆಯ ಪಾಳಿಯವರು ನೀರಿನಿಂದ ಮೇಲೆ ಬಂದರೆ ಸಾಕು. ಓದುಗ ಮಿತ್ರರೂ ತಂತಮ್ಮ ಮನೆಯವರೊಡನೆ ಚೌಪಾಟಿಗೆ ಹೋದಾಗ ಚಾಪೆಯ ಮೇಲೆ ಕೂತವರನ್ನು ಒಂದು ಮಾತು ಕೇಳಿ ನೋಡಿ: ‘‘ನೀವು ಹೋಗಿ ಬನ್ನಿ, ನಾನು ಕೂರ್ತೇನೆ.’’ ಬೇಡ ಅಂದರೆ ಇನ್ನೊಂದು ಸಲ ಕೇಳಿ.